ಸ್ತನದ ಗಾತ್ರ ಹೆಚ್ಚಿಸುವ ಸರ್ಜರಿ: ಮೊದಲ ಭೇಟಿಯಿಂದ ಹತ್ತನೇ ವರ್ಷದವರೆಗೆ

ಆಪರೇಷನ್ ಒಂದೆರಡು ಗಂಟೆಯಲ್ಲಿ ಮುಗಿಯುತ್ತದೆ. ಸ್ತನದೊಳಗೆ ಕೂತ ಇಂಪ್ಲಾಂಟ್ ಎಂಬ ಮೆತ್ತನೆ ಚೀಲ ಮಾತ್ರ ವರ್ಷಗಟ್ಟಲೆ ನಿಮ್ಮ ಜೊತೆ ಇರುತ್ತದೆ. ಈ ಸರ್ಜರಿ ಬಗ್ಗೆ ವಿಚಾರಿಸುವವರು ಖರ್ಚೆಷ್ಟು, ನೋಯುತ್ತಾ ಎಂದು ಕೇಳುತ್ತಾರೆ. ಆಮೇಲಿನ ವರ್ಷಗಳ ಮಾತು ಯಾರೂ ಎತ್ತುವುದಿಲ್ಲ. ಅದನ್ನು ಮೊದಲ ಭೇಟಿಯಲ್ಲೇ ಕೇಳಬೇಕು.

ಡಾಕ್ಟರ್ ಹುಡುಕುವುದು

ಇನ್‌ಸ್ಟಾಗ್ರಾಮ್ ಫೋಟೋ ನೋಡಿ ಕ್ಲಿನಿಕ್ ಆರಿಸಬೇಡಿ. ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್ ಅಥವಾ ಡಿಎನ್‌ಬಿ ಓದಿದವರೇ ಎಂದು ನೋಡಿ. ಕರ್ನಾಟಕದಲ್ಲಾದರೆ ಆಸ್ಪತ್ರೆಗೆ ಕೆಪಿಎಂಇ, ಅಂದರೆ ಖಾಸಗಿ ಆಸ್ಪತ್ರೆಗಳ ಕಾಯ್ದೆಯಡಿ ನೋಂದಣಿ ಇದೆಯೇ ಕೇಳಿ. ಅರಿವಳಿಕೆ ಕೊಡುವವರು ಯಾರು, ರಾತ್ರಿ ತೊಂದರೆಯಾದರೆ ಯಾರಿಗೆ ಫೋನ್ ಮಾಡಬೇಕು ಎಂದೂ ಕೇಳಿ. ಕೇಳಿದ್ದಕ್ಕೆ ಮುಖ ಸಿಂಡರಿಸಿದರೆ ಬೇರೆ ಡಾಕ್ಟರ್ ನೋಡಿಕೊಳ್ಳುವುದೇ ಒಳ್ಳೆಯದು.

ಗರ್ಭಿಣಿಯರಿಗೆ, ಹಾಲೂಡಿಸುವವರಿಗೆ ಇದನ್ನು ಮಾಡುವುದಿಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಪ್ರಕಾರ ಉಪ್ಪುನೀರು ತುಂಬಿದ ಸಲೈನ್ ಇಂಪ್ಲಾಂಟ್‌ಗೆ 18, ಜೆಲ್ ತುಂಬಿದ ಸಿಲಿಕೋನ್‌ಗೆ 22 ವರ್ಷ ತುಂಬಿರಬೇಕು. ಹೆರಿಗೆಯ ನಂತರ ಜೋತುಬಿದ್ದ ಸ್ತನ ಇಂಪ್ಲಾಂಟ್ ಒಂದರಿಂದಲೇ ಮೇಲೇಳುವುದಿಲ್ಲ. ಅದಕ್ಕೆ ಲಿಫ್ಟ್ ಎಂಬ ಬೇರೆ ಸರ್ಜರಿ ಬೇಕಾಗಬಹುದು, ಅದರ ಗಾಯದ ಗುರುತೂ ದೊಡ್ಡದು. ಮನೆಯಲ್ಲಿ ಯಾರಿಗಾದರೂ ಸ್ತನ ಕ್ಯಾನ್ಸರ್ ಆಗಿದ್ದರೆ ಮರೆಯದೆ ಹೇಳಿ.

ಗಾತ್ರ, ಅಕ್ಕಿ ಮತ್ತು ಕಾಲುಚೀಲ

ಇಂಪ್ಲಾಂಟ್‌ನ ಗಾತ್ರ ಸೀಸಿ ಲೆಕ್ಕದಲ್ಲಿರುತ್ತದೆ, ಬ್ರಾ ಕಪ್ ಲೆಕ್ಕದಲ್ಲಲ್ಲ. ಒಂದು ಸೀಸಿ ಎಂದರೆ ಒಂದು ಎಂಎಲ್. ಡಾಕ್ಟರ್ ಟೇಪ್ ಹಿಡಿದು ಎದೆಯ ಅಗಲ, ಚರ್ಮ ಎಷ್ಟು ಹಿಗ್ಗುತ್ತದೆ ಎಲ್ಲ ಅಳೆಯುತ್ತಾರೆ. ಅಗಲಕ್ಕೆ ಮೀರಿದ್ದು ಹಾಕಿಸಿಕೊಂಡರೆ ಅಂಚು ಎದ್ದು ಕಾಣುತ್ತದೆ, ಚರ್ಮ ಬೇಗ ಜೋಲುತ್ತದೆ.

ಮನೆಯಲ್ಲೇ ಅಂದಾಜು ಮಾಡುವ ಹಳೆಯ ಉಪಾಯ ಒಂದಿದೆ. ಅಳತೆ ಲೋಟದಲ್ಲಿ 300 ಎಂಎಲ್ ಗುರುತಿನವರೆಗೆ ಅಕ್ಕಿ ತುಂಬಿ, ತೆಳು ಕಾಲುಚೀಲಕ್ಕೆ ಸುರಿದು ಗಂಟು ಹಾಕಿ. ಇಂಥವೆರಡನ್ನು ಬ್ರಾದೊಳಗಿಟ್ಟು ಬಿಗಿ ಟೀ ಶರ್ಟ್ ಹಾಕಿಕೊಂಡು ಅರ್ಧ ದಿನ ಓಡಾಡಿ. ಬಗ್ಗಿ ನೆಲ ಒರೆಸಿ, ಮೆಟ್ಟಿಲು ಹತ್ತಿ. ಕನ್ನಡಿಯಲ್ಲಿ ಚೆನ್ನಾಗಿ ಕಂಡಿದ್ದು ಬೆನ್ನಿಗೆ ಭಾರ ಅನ್ನಿಸಬಹುದು. ಇದು ಅಂದಾಜು ಅಷ್ಟೇ, ಕೊನೆಯ ಮಾತು ಡಾಕ್ಟರದೇ.

ಸಲೈನ್ ಸೋರಿದರೆ ಸ್ತನ ಇಳಿದು ಕೂಡಲೇ ಗೊತ್ತಾಗುತ್ತದೆ. ಸಿಲಿಕೋನ್ ಮುಟ್ಟಿದರೆ ಜಾಸ್ತಿ ಸಹಜ ಅನ್ನಿಸುತ್ತದೆ, ಆದರೆ ಒಳಗೇ ಒಡೆದರೂ ಗೊತ್ತಾಗದೆ ಇರಬಹುದು. ಮೇಲ್ಮೈ ನಯವೋ ತರಿತರಿಯೋ ಎಂದೂ ಕೇಳಿ. ಲಿಂಫೋಮಾ ಎಂಬ ಕ್ಯಾನ್ಸರ್‌ನ ಒಂದು ಅಪರೂಪದ ಬಗೆಯ ನಂಟು ಕಂಡಿದ್ದರಿಂದ ಅಲರ್ಗನ್ ಕಂಪನಿ ತನ್ನ ತರಿತರಿ ಬಯೋಸೆಲ್ ಇಂಪ್ಲಾಂಟ್‌ಗಳನ್ನು 2019ರಲ್ಲಿ ಜಗತ್ತಿನಾದ್ಯಂತ ವಾಪಸ್ ಪಡೆಯಿತು.

ಕೊಯ್ಯುವುದು ಸಾಮಾನ್ಯವಾಗಿ ಸ್ತನದ ಕೆಳಗಿನ ಮಡಿಕೆಯಲ್ಲಿ. ತೊಟ್ಟಿನ ಸುತ್ತ ಅಥವಾ ಕಂಕುಳಲ್ಲೂ ಕೊಯ್ಯುತ್ತಾರೆ. ಮುಂದೆ ಮಗು ಬೇಕು ಎಂದಿದ್ದರೆ ಈಗಲೇ ಹೇಳಿ. ತೊಟ್ಟಿನ ಸುತ್ತ ಕೊಯ್ದರೆ ಹಾಲಿನ ನಾಳಗಳಿಗೆ ಪೆಟ್ಟಾಗುವ ಸಾಧ್ಯತೆ ಜಾಸ್ತಿ.

ದುಡ್ಡಿನ ವಿಷಯ: ಚೆಂದಕ್ಕಾಗಿ ಮಾಡಿಸಿದರೆ ವಿಮೆ ಸಿಗುವುದಿಲ್ಲ, ಬಿಲ್ ಮೇಲೆ ಜಿಎಸ್‌ಟಿ ಬೇರೆ. ಕ್ಯಾನ್ಸರ್ ನಂತರ ಸ್ತನ ಮರುರೂಪಿಸುವ ಸರ್ಜರಿಯ ಲೆಕ್ಕ ಬೇರೆ.

ಆಪರೇಷನ್ ದಿನ

ಸಿಗರೇಟು ಕನಿಷ್ಠ ನಾಲ್ಕು ವಾರ ಮೊದಲೇ ಬಿಡಬೇಕು, ಇಲ್ಲದಿದ್ದರೆ ಗಾಯ ಬೇಗ ಒಣಗುವುದಿಲ್ಲ. ಆಸ್ಪಿರಿನ್, ಮೀನೆಣ್ಣೆ ಮಾತ್ರೆ, ಆಯುರ್ವೇದದ ಔಷಧಿ ಏನೇ ತಗೊಳ್ಳುತ್ತಿದ್ದರೂ ತಿಳಿಸಿ. ನೀವಾಗೇ ಯಾವುದನ್ನೂ ನಿಲ್ಲಿಸಬೇಡಿ.

ಆರು ಗಂಟೆ ಮೊದಲು ಊಟ ನಿಲ್ಲಿಸಬೇಕು, ಎರಡು ಗಂಟೆ ಮೊದಲು ನೀರು. ‘ಒಂದೇ ಲೋಟ ಕಾಫಿ ತಾನೇ’ ಅನ್ನಬೇಡಿ, ಹಾಲು ಬೆರೆತರೆ ಅದೂ ಊಟವೇ. ಬಳೆ, ಮೂಗುಬೊಟ್ಟು, ತಾಳಿ, ಕಾಲುಂಗುರ ಎಲ್ಲ ಮನೆಯಲ್ಲೇ ಬಿಚ್ಚಿಟ್ಟು ಹೋಗಿ. ಉಗುರಿನ ಬಣ್ಣವನ್ನೂ ತೆಗೆಯಿರಿ. ಡಾಕ್ಟರ್ ನಿಮ್ಮನ್ನು ನಿಲ್ಲಿಸಿಕೊಂಡೇ ಮಾರ್ಕರ್ ಪೆನ್ನಿನಿಂದ ಎದೆಯ ಮೇಲೆ ಗೆರೆ ಎಳೆಯುತ್ತಾರೆ. ಮಲಗಿದರೆ ಸ್ತನ ಪಕ್ಕಕ್ಕೆ ಸರಿದು ಅಳತೆ ತಪ್ಪುತ್ತದೆ, ಅದಕ್ಕೆ. ಆಮೇಲೆ ಪೂರ್ತಿ ಅರಿವಳಿಕೆ. ಬಹುತೇಕರು ಅದೇ ದಿನ ಅಥವಾ ಮರುದಿನ ಮನೆಗೆ ಹೋಗುತ್ತಾರೆ.

ಮನೆಗೆ ಬಂದ ಮೇಲೆ

ಮೊದಲ ಮೂರು-ನಾಲ್ಕು ದಿನ ಕಷ್ಟ. ಎದೆ ಬಿಗಿದು ಕಟ್ಟಿದಂತಿರುತ್ತದೆ. ಇಂಪ್ಲಾಂಟ್ ಸ್ನಾಯುವಿನ ಕೆಳಗಿದ್ದರೆ ನೋವು ಇನ್ನೂ ಜಾಸ್ತಿ. ತಲೆ ಮೇಲಿಂದ ಕುರ್ತಾ ಎಳೆದುಕೊಳ್ಳಲು ಆಗುವುದಿಲ್ಲ, ಮುಂದೆ ಗುಂಡಿ ಇರುವ ನೈಟಿ ಎರಡು ಮೊದಲೇ ತಂದಿಡಿ. ದಿಂಬು ಏರಿಸಿ ಅಂಗಾತ ಮಲಗಿ. ನಾಲ್ಕರಿಂದ ಆರು ವಾರ ಭಾರ ಎತ್ತಬೇಡಿ. ಅಟ್ಟದ ಮೇಲಿನ ಡಬ್ಬ, ನೀರಿನ ಬಿಂದಿಗೆ, ಚಿಕ್ಕ ಮಗು ಯಾವುದೂ ಬೇಡ. ಸ್ಕೂಟರ್ ಓಡಿಸುವುದಕ್ಕೂ ಡಾಕ್ಟರ್ ಒಪ್ಪಿಗೆ ಬೇಕು. ನಮ್ಮ ರಸ್ತೆಗಳ ಹಂಪ್ ಗೊತ್ತಲ್ಲ!

ಸ್ತನ ಮೊದಮೊದಲು ತೀರಾ ಮೇಲೆ, ಗಟ್ಟಿಯಾಗಿ ಕಾಣುತ್ತದೆ. ‘ಇದೇನಪ್ಪಾ ಹೀಗಾಯ್ತು’ ಎಂದು ಹೆದರಬೇಡಿ, ಸರಿಯಾಗಿ ಕೂರಲು ಮೂರರಿಂದ ಆರು ತಿಂಗಳು ಬೇಕು. ಅಲ್ಲಿಯವರೆಗೆ ಟೈಲರ್ ಹತ್ತಿರ ಬ್ಲೌಸ್ ಹೊಲಿಸಿದರೆ ದುಡ್ಡು ದಂಡ. ತೊಟ್ಟಿನ ಸುತ್ತ ಜೋಮು ಹಿಡಿದಂತಿದ್ದು ತಿಂಗಳುಗಳಲ್ಲಿ ಸರಿಹೋಗುವುದುಂಟು. ಕೆಲವರಿಗೆ ಹಾಗೇ ಉಳಿಯುತ್ತದೆ.

ಒಂದೇ ಕಡೆ ದಿಢೀರನೆ ಊದಿದರೆ, ಜ್ವರ, ಕೀವು, ಉಸಿರಾಟದ ತೊಂದರೆ, ಮೀನಖಂಡದ ನೋವು ಬಂದರೆ ಬೆಳಗಾಗಲಿ ಎಂದು ಕಾಯಬೇಡಿ. ಕೂಡಲೇ ಆಸ್ಪತ್ರೆಗೆ ಹೋಗಿ.

ವರ್ಷಗಳ ಲೆಕ್ಕ

ಇಂಪ್ಲಾಂಟ್ ಸುತ್ತ ದೇಹ ತಾನಾಗಿ ಒಂದು ಪದರ ಕಟ್ಟಿಕೊಳ್ಳುತ್ತದೆ. ಅದು ಬಿಗಿಯುತ್ತಾ ಹೋದರೆ ಸ್ತನ ಗಟ್ಟಿಯಾಗಿ, ಆಕಾರ ಕೆಟ್ಟು, ಮತ್ತೆ ಆಪರೇಷನ್ ಆಗಬೇಕಾಗಬಹುದು. ಇಂಪ್ಲಾಂಟ್ ಜೀವನಪೂರ್ತಿ ಬಾಳುವ ವಸ್ತು ಅಲ್ಲ ಎಂದು ಎಫ್‌ಡಿಎ ಸ್ಪಷ್ಟವಾಗಿ ಹೇಳುತ್ತದೆ. ಸಿಲಿಕೋನ್ ಆದರೆ ಐದಾರು ವರ್ಷಕ್ಕೆ ಮೊದಲ ಎಂಆರ್‌ಐ ಅಥವಾ ಅಲ್ಟ್ರಾಸೌಂಡ್, ಆಮೇಲೆ ಎರಡು-ಮೂರು ವರ್ಷಕ್ಕೊಮ್ಮೆ. ಬದಲಿಸುವ, ತೆಗೆಸುವ ಖರ್ಚೂ ನಿಮ್ಮ ಕೈಯಿಂದಲೇ. ಮ್ಯಾಮೊಗ್ರಾಂಗೆ ಹೋದಾಗ ಇಂಪ್ಲಾಂಟ್ ಇದೆ ಎಂದು ಮೊದಲೇ ಹೇಳಿ, ಚಿತ್ರ ಬೇರೆ ರೀತಿ ತೆಗೆಯಬೇಕಾಗುತ್ತದೆ.

2010ರಲ್ಲಿ ಫ್ರಾನ್ಸಿನ ಪಿಐಪಿ ಕಂಪನಿ ಕಾರ್ಖಾನೆ ದರ್ಜೆಯ ಸಿಲಿಕೋನ್ ತುಂಬುತ್ತಿದ್ದುದು ಬಯಲಾದಾಗ, ತಮ್ಮ ಎದೆಯೊಳಗಿರುವುದು ಯಾವ ಕಂಪನಿಯದು ಎಂದು ಎಷ್ಟೋ ದೇಶಗಳ ಹೆಂಗಸರು ಹುಡುಕಾಡಬೇಕಾಯಿತು. ಇಂಪ್ಲಾಂಟ್ ಜೊತೆ ಕಂಪನಿಯ ಹೆಸರು, ಸೀರಿಯಲ್ ನಂಬರ್ ಇರುವ ಸ್ಟಿಕರ್ ಬರುತ್ತದೆ. ಅದನ್ನು ಅಂಟಿಸಿದ ಕಾರ್ಡನ್ನು ಡಿಸ್ಚಾರ್ಜ್ ಬಿಲ್ ಕಟ್ಟುವ ಮೊದಲೇ ಕೇಳಿ ಇಸಕೊಳ್ಳಿ.