ಮೊದಲು ನೆಲ ನೋಡಿ, ಆಮೇಲೆ ಡಿಗ್ರಿ: ಕಡುಚಳಿಯಲ್ಲಿ ಓಡುವ ಹೊಸಬರಿಗೆ

ಹಿಮ ಬೀಳುವ ಊರಿಗೆ ಹೊಸದಾಗಿ ಬಂದವರು ಮೊದಲ ಹಿಮ ಬೀಳುತ್ತಿದ್ದಂತೆ ನನ್ನನ್ನು ಕೇಳುವುದು ಒಂದೇ ಪ್ರಶ್ನೆ: ಎಷ್ಟು ಡಿಗ್ರಿವರೆಗೆ ಹೊರಗೆ ಓಡಬಹುದು? ಹನ್ನೊಂದು ಚಳಿಗಾಲ ಓಡಿದ್ದೇನೆ. ಬರೀ ಡಿಗ್ರಿ ನೋಡಿ ತೀರ್ಮಾನ ಮಾಡಬೇಡಿ ಎನ್ನುವುದೇ ನನ್ನ ಉತ್ತರ. ಮೊದಲು ನೆಲ ನೋಡಿ. ಆಮೇಲೆ ಗಾಳಿ. ಡಿಗ್ರಿ ಕೊನೆಗೆ.

ಬೆಳಿಗ್ಗೆ ಎದ್ದು ಫೋನಿನಲ್ಲಿ ಮೈನಸ್ 15 (ಇಲ್ಲಿನ ಡಿಗ್ರಿಗಳೆಲ್ಲ ಸೆಲ್ಸಿಯಸ್) ಅಂತ ಕಂಡರೆ ಎದೆ ಝಲ್ ಎನ್ನುತ್ತದೆ. ಆದರೆ ಗಾಳಿ ಇಲ್ಲದೆ, ಒಣ ಹಿಮ ಗಟ್ಟಿಯಾಗಿ ಕೂತಿದ್ದರೆ ಅದು ಓಡಲು ಒಳ್ಳೆಯ ದಿನ. ಅಂಥ ಚಳಿಯಲ್ಲಿ ಹಿಮದ ಮೇಲೆ ಕಾಲಿಟ್ಟರೆ ಕಿರ್ರ್ ಕಿರ್ರ್ ಅಂತ ಸದ್ದು ಬರುತ್ತದೆ. ಹೆಜ್ಜೆ ಚೆನ್ನಾಗಿ ಹಿಡಿಯುತ್ತದೆ. ನಿಜವಾಗಿ ಹೆದರಬೇಕಾದದ್ದು ಸೊನ್ನೆಯ ಆಸುಪಾಸಿನ ದಿನಗಳಿಗೆ. ಮಧ್ಯಾಹ್ನ 2 ಡಿಗ್ರಿಗೆ ಏರಿದಾಗ ಹಿಮ ಕರಗಿ ರಸ್ತೆಯ ಮೇಲೆ ಹರಿಯುತ್ತದೆ. ರಾತ್ರಿ ಮತ್ತೆ ಮೈನಸ್‌ಗೆ ಇಳಿದರೆ ಅದೇ ನೀರು ಗಾಜಿನ ಹಾಳೆಯ ಹಾಗೆ ಹೆಪ್ಪುಗಟ್ಟುತ್ತದೆ. ಇದನ್ನೇ ಬ್ಲ್ಯಾಕ್ ಐಸ್ ಅನ್ನುತ್ತಾರೆ. ಅದಕ್ಕೆ ಬಣ್ಣವೇ ಇಲ್ಲ, ಕೆಳಗಿನ ಟಾರು ಹಾಗೇ ಕಾಣುತ್ತದೆ. ನೋಡಿದರೆ ರಸ್ತೆ ಸ್ವಲ್ಪ ಒದ್ದೆಯಾಗಿದೆ ಅನ್ನಿಸುತ್ತದೆ, ಅಷ್ಟೇ. ಮೈನಸ್ ಇರುವ ಬೆಳಿಗ್ಗೆ ರಸ್ತೆ ಹೊಳೆಯುತ್ತಿದ್ದರೆ ಅದು ಐಸ್ ಅಂತಲೇ ತಿಳಿದು ಕಾಲಿಡಿ. ಸೇತುವೆ, ಮೆಟ್ಟಿಲು, ಮರದ ಹಲಗೆ ಹಾಸಿದ ದಾರಿ, ಬಿಸಿಲು ಬೀಳದ ಗೋಡೆ ಬದಿ, ಇಲ್ಲೆಲ್ಲ ಇನ್ನೂ ಹುಷಾರು.

ನನ್ನ ಎರಡನೇ ಚಳಿಗಾಲದಲ್ಲಿ ಒಂದು ವಾರ ಮೈನಸ್ 18ರಲ್ಲಿ ಓಡಿ ಏನೂ ಆಗದೆ ಮನೆಗೆ ಬಂದಿದ್ದೆ. ಮುಂದಿನ ವಾರ ಮೈನಸ್ 1 ಇತ್ತು. ಇವತ್ತು ಚಳಿಯೇ ಇಲ್ಲ ಅಂತ ಖುಷಿಯಾಗಿ ಹೊರಟೆ. ಒಂದು ತಿರುವಿನಲ್ಲಿ ಎರಡೂ ಕಾಲು ಒಟ್ಟಿಗೇ ಹೋದವು. ಬೀಳುವಾಗ ಅಂಗೈ ಊರಿದೆ, ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿತು. ಆರು ವಾರ ಪ್ಲಾಸ್ಟರ್ ಹಾಕಿಕೊಂಡು, ಎಡಗೈಯಲ್ಲಿ ಶೂ ಲೇಸ್ ಕಟ್ಟಲು ಕಲಿತೆ. ಅಂದಿನಿಂದ ಬಾಗಿಲು ತೆರೆದು ಮೊದಲು ಒಂದು ಕಾಲಿನಿಂದ ನೆಲ ಉಜ್ಜಿ ನೋಡುತ್ತೇನೆ. ಜಾರಿದರೆ ವಾಪಸ್ ಬಂದು ಟ್ರೆಡ್‌ಮಿಲ್ ಹತ್ತುತ್ತೇನೆ. ಅದರಲ್ಲಿ ಎರಡನೇ ಯೋಚನೆ ಇಲ್ಲ.

ಶೂ ಮೇಲೆ ಎಳೆದು ಹಾಕುವ ರಬ್ಬರ್ ಪಟ್ಟಿ ಸಿಗುತ್ತದೆ, ಅಡಿಯಲ್ಲಿ ಸಣ್ಣ ಉಕ್ಕಿನ ಮುಳ್ಳು ಇರುತ್ತವೆ. ಒಂದು ಜೊತೆ ಇಟ್ಟುಕೊಳ್ಳಿ. ಗಟ್ಟಿ ಹಿಮಕ್ಕೂ ಐಸ್‌ಗೂ ಚೆನ್ನಾಗಿ ಕಚ್ಚುತ್ತವೆ. ಆದರೆ ನಯವಾದ ಕಲ್ಲು, ಟೈಲ್ಸ್ ಮೇಲೆ ಅವೇ ಜಾರಿಸುತ್ತವೆ, ಮನೆಯೊಳಗೆ ಬರುವ ಮುಂಚೆ ಬಿಚ್ಚಿಬಿಡಿ. ಓಡುವಾಗ ಹೆಜ್ಜೆ ಚಿಕ್ಕದಿರಲಿ, ಪಾದ ನಿಮ್ಮ ಮೈಯ ನೇರ ಕೆಳಗೆ ಬೀಳಲಿ. ತಿರುವಿನಲ್ಲಿ ನಡೆದರೆ ಏನೂ ನಷ್ಟವಿಲ್ಲ.

ಇನ್ನು ಗಾಳಿ. ಹವಾಮಾನದ ಆ್ಯಪ್‌ನಲ್ಲಿ ವಿಂಡ್ ಚಿಲ್ ಅಥವಾ ಫೀಲ್ಸ್ ಲೈಕ್ ಅಂತ ಇನ್ನೊಂದು ಅಂಕಿ ಇರುತ್ತದೆ. ಗಾಳಿ ಸೇರಿದಾಗ ಬರಿ ಚರ್ಮಕ್ಕೆ ಎಷ್ಟು ಚಳಿ ಅನ್ನಿಸುತ್ತದೆ ಅನ್ನುವುದರ ಲೆಕ್ಕ ಅದು. ಮೈನಸ್ 10ರಲ್ಲಿ ಗಂಟೆಗೆ 30 ಕಿ.ಮೀ. ಗಾಳಿ ಇದ್ದರೆ ಅದು ಸುಮಾರು ಮೈನಸ್ 20 ಆಗುತ್ತದೆ. ಮೈನಸ್ 20ಕ್ಕೆ 20 ಕಿ.ಮೀ. ಗಾಳಿ ಸೇರಿದರೆ ಮೈನಸ್ 30. ವಿಂಡ್ ಚಿಲ್ ಮೈನಸ್ 28 ದಾಟಿದರೆ ಮುಚ್ಚದ ಚರ್ಮ 10ರಿಂದ 30 ನಿಮಿಷದಲ್ಲಿ ಹೆಪ್ಪುಗಟ್ಟಬಹುದು. ಮೈನಸ್ 40 ದಾಟಿದರೆ ಅದಕ್ಕೆ 10 ನಿಮಿಷವೂ ಬೇಕಿಲ್ಲ. ನಾನು ಮೈನಸ್ 25ಕ್ಕೆ ಗೆರೆ ಎಳೆದುಕೊಂಡಿದ್ದೇನೆ. ನಿಮ್ಮದು ಮೊದಲ ಚಳಿಗಾಲವಾದರೆ ಮೈನಸ್ 15 ಸಾಕು. ಯಾರಿಗೂ ಏನೂ ತೋರಿಸಬೇಕಾಗಿಲ್ಲ, ಅಲ್ವಾ? ಅಂದಹಾಗೆ ಆ್ಯಪ್ ಫ್ಯಾರನ್‌ಹೀಟ್‌ನಲ್ಲಿದೆಯೋ ಸೆಲ್ಸಿಯಸ್‌ನಲ್ಲಿದೆಯೋ ಒಮ್ಮೆ ನೋಡಿ. ಎರಡೂ ಒಂದೇ ಆಗುವುದು ಮೈನಸ್ 40ರಲ್ಲಿ ಮಾತ್ರ.

ಗಾಳಿ ಇರುವ ದಿನ ಹೊರಟರೆ ಮೊದಲರ್ಧ ಗಾಳಿಗೆ ಎದುರಾಗಿ ಓಡಿ, ಬರುವಾಗ ಗಾಳಿ ಬೆನ್ನಿಗಿರಲಿ. ತಿರುಗಾಮುರುಗಾ ಮಾಡಿದರೆ ಬೆವರಿನಿಂದ ಒದ್ದೆಯಾದ ಮೈಗೆ ಎದುರುಗಾಳಿ ಬಡಿಯುತ್ತದೆ, ಆಗಿನ ನಡುಕ ಬೇಡವೇ ಬೇಡ. ದೂರ ಹೋಗಬೇಡಿ. ಮನೆಯ ಸುತ್ತಲೇ ಒಂದೊಂದೂವರೆ ಕಿ.ಮೀ. ಸುತ್ತು ಹಾಕಿ. ಕಾಲು ಉಳುಕಿದರೆ ಓಡಲಾಗದೆ ನಡೆದುಕೊಂಡೇ ಬರಬೇಕು, ನಡೆಯುವಾಗ ಮೈ ಬೇಗ ತಣ್ಣಗಾಗುತ್ತದೆ. ಫೋನನ್ನು ಹೊರ ಜೇಬಿನಲ್ಲಿ ಇಟ್ಟರೆ ಚಳಿಗೆ ಅರ್ಧ ಚಾರ್ಜ್ ಇದ್ದದ್ದೂ ಆಫ್ ಆಗುತ್ತದೆ. ಒಳ ಬಟ್ಟೆಗೆ ತಾಗಿಕೊಂಡು ಇರಲಿ.

ನಮ್ಮಂಥವರಿಗೆ ಒಂದು ಮಾತು ಒತ್ತಿ ಹೇಳಬೇಕು. ಫ್ರಾಸ್ಟ್‌ಬೈಟ್, ಅಂದರೆ ಚಳಿಗೆ ಚರ್ಮ ಹೆಪ್ಪುಗಟ್ಟುವುದು, ಶುರುವಾದಾಗ ಚರ್ಮ ಬೆಳ್ಳಗಾಗುತ್ತದೆ ಅಂತ ಎಲ್ಲ ಕಡೆ ಬರೆದಿರುತ್ತಾರೆ. ಕಂದು ಚರ್ಮದಲ್ಲಿ ಆ ಬಿಳುಪು ಸುಲಭಕ್ಕೆ ಕಾಣುವುದಿಲ್ಲ. ಬೂದಿ ಬಣ್ಣಕ್ಕೆ ತಿರುಗಿದ ಹಾಗೆ, ಮೇಣ ಸವರಿದ ಹಾಗೆ ಕಾಣಬಹುದು. ಅದಕ್ಕೇ ಬಣ್ಣಕ್ಕಿಂತ ಸ್ಪರ್ಶವನ್ನು ನಂಬಿ. ಮೂಗಿನ ತುದಿ, ಕಿವಿ, ಕೆನ್ನೆ, ಬೆರಳ ತುದಿ ಮೊದಲು ಚುಚ್ಚುತ್ತವೆ, ಉರಿಯುತ್ತವೆ. ಆಮೇಲೆ ಆ ಉರಿ ತಾನಾಗಿ ನಿಲ್ಲುತ್ತದೆ. ಸದ್ಯ, ಸರಿಹೋಯಿತು ಅಂದುಕೊಳ್ಳಬೇಡಿ. ಆ ಜಾಗ ಮರಗಟ್ಟಿದೆ ಅಂತ ಅರ್ಥ. ಕೂಡಲೇ ಒಳಗೆ ಬನ್ನಿ. ಉಜ್ಜಬೇಡಿ, ಹೀಟರ್ ಮುಂದೆ ಹಿಡಿಯಬೇಡಿ. ಸ್ಪರ್ಶ ಇಲ್ಲದ ಚರ್ಮಕ್ಕೆ ಸುಡುವುದೂ ಗೊತ್ತಾಗುವುದಿಲ್ಲ. ಬೆರಳಾದರೆ 37ರಿಂದ 39 ಡಿಗ್ರಿಯ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ. ಮುಖವಾದರೆ ಬೆಚ್ಚಗಿನ ಅಂಗೈ ಒತ್ತಿ ಹಿಡಿಯಿರಿ. ಸ್ಪರ್ಶ ಮರಳದಿದ್ದರೆ, ಬೊಬ್ಬೆ ಎದ್ದರೆ ಆಸ್ಪತ್ರೆಗೆ ಹೋಗಿ, ನಾಳೆ ನೋಡೋಣ ಅನ್ನಬೇಡಿ.

ಬಟ್ಟೆಯ ವಿಷಯ ಚಿಕ್ಕದು. ಮೈಗೆ ತಾಗುವ ಬಟ್ಟೆ ಹತ್ತಿಯದ್ದಾಗಬಾರದು. ಹತ್ತಿ ಬೆವರು ಹೀರಿಕೊಂಡು ಒದ್ದೆಯಾಗೇ ಉಳಿಯುತ್ತದೆ. ಪಾಲಿಯೆಸ್ಟರ್ ಥರ್ಮಲ್ ಅಥವಾ ಮೆರಿನೋ ಉಣ್ಣೆ, ಅದರ ಮೇಲೆ ತೆಳು ಫ್ಲೀಸ್, ಮೇಲೊಂದು ಗಾಳಿ ತಡೆಯುವ ಜಾಕೆಟ್. ಹೊರಗಿರುವುದಕ್ಕಿಂತ 10 ಡಿಗ್ರಿ ಜಾಸ್ತಿ ಇದೆ ಅಂದುಕೊಂಡು ಬಟ್ಟೆ ಹಾಕಿ. ಮೊದಲ ಐದು ನಿಮಿಷ ಚಳಿಯಾಗಲೇಬೇಕು. ಬಾಗಿಲಲ್ಲೇ ಬೆಚ್ಚಗಿದ್ದರೆ ಎರಡು ಕಿ.ಮೀ. ಹೊತ್ತಿಗೆ ಬೆವರಿನಲ್ಲಿ ನೆನೆದಿರುತ್ತೀರಿ. ಬೆರಳು ಬೇರೆ ಬೇರೆ ಇರುವ ಗ್ಲೌಸ್‌ಗಿಂತ, ನಾಲ್ಕೂ ಬೆರಳು ಒಂದೇ ಚೀಲದಲ್ಲಿರುವ ಮಿಟನ್ ಬೆಚ್ಚಗೆ. ಕತ್ತಲಿದ್ದರೆ ಹೊಳೆಯುವ ಪಟ್ಟಿಯ ಜಾಕೆಟ್ ಕಡ್ಡಾಯ. ಹಿಮದ ರಸ್ತೆಯಲ್ಲಿ ಕಾರು ಬೇಗ ನಿಲ್ಲುವುದಿಲ್ಲ.

ಶ್ವಾಸಕೋಶ ಹೆಪ್ಪುಗಟ್ಟುತ್ತದಾ ಅಂತ ಕೇಳುವವರಿದ್ದಾರೆ. ಇಲ್ಲ. ಮೂಗು, ಗಂಟಲು ದಾಟುವಷ್ಟರಲ್ಲಿ ಗಾಳಿ ಬೆಚ್ಚಗಾಗುತ್ತದೆ. ಆದರೆ ಅದು ತುಂಬ ಒಣ ಗಾಳಿ, ಕೆಮ್ಮು ಬರಿಸುತ್ತದೆ. ಬಾಯಿಗೆ ತೆಳು ಬಟ್ಟೆ ಸುತ್ತಿಕೊಂಡರೆ ಹಾಯೆನಿಸುತ್ತದೆ. ಆಸ್ತಮಾ, ಬಿಪಿ, ಹೃದಯದ ತೊಂದರೆ ಇದ್ದವರು ಮಾತ್ರ ವೈದ್ಯರನ್ನು ಕೇಳದೆ ಕಡುಚಳಿಯಲ್ಲಿ ಓಡಬಾರದು. ಚಳಿಗೆ ರಕ್ತನಾಳ ಬಿಗಿದು ಬಿಪಿ ಏರುತ್ತದೆ, ಆಸ್ತಮಾ ಕೆರಳುತ್ತದೆ.

ಟ್ರೆಡ್‌ಮಿಲ್ ಬಗ್ಗೆ ಕೀಳಾಗಿ ಮಾತಾಡುವವರ ಮಾತು ಕೇಳಬೇಡಿ. ಚಳಿಗಾಲದಲ್ಲಿ ವೇಗದ ಓಟಕ್ಕೆ ಅದೇ ಸರಿಯಾದ ಜಾಗ. ಹೊರಗೆ ಹಿಮದ ಮೇಲೆ ವೇಗ ನೋಡಲು ಹೋಗಬೇಡಿ. ಟ್ರೆಡ್‌ಮಿಲ್‌ನ ವೇಗ 10 ಅಂತ ಇಟ್ಟರೆ ಒಂದು ಕಿ.ಮೀ.ಗೆ 6 ನಿಮಿಷ. ಕೆಲವು ಮಷಿನ್ ಮೈಲಿ ಲೆಕ್ಕದಲ್ಲಿರುತ್ತವೆ, ಅಲ್ಲಿ 10 ಒತ್ತಿದರೆ ಗಂಟೆಗೆ 16 ಕಿ.ಮೀ. ವೇಗ ಬಂದುಬಿಡುತ್ತದೆ, ಜೋಕೆ. ಬಿದ್ದರೆ ಮಷಿನ್ ನಿಲ್ಲಿಸುವ ಕೆಂಪು ದಾರದ ಕ್ಲಿಪ್ ಬಟ್ಟೆಗೆ ಸಿಕ್ಕಿಸಿಕೊಳ್ಳಿ. ಎದುರಿಗೆ ಫ್ಯಾನ್ ಬೇಕು, ಒಳಗೆ ಗಾಳಿ ಆಡದೆ ಮೈ ಬೇಗ ಕಾಯುತ್ತದೆ. ಹೊತ್ತು ಹೋಗುವುದಿಲ್ಲ ಅನ್ನಿಸಿದರೆ ಎರಡು ನಿಮಿಷ ಜೋರು, ಎರಡು ನಿಮಿಷ ನಿಧಾನ ಅಂತ ಮಾಡಿ. ಆಗಾಗ ಏರು, ವೇಗ ಬದಲಿಸುತ್ತಿದ್ದರೆ ಮೀನಖಂಡಕ್ಕೂ ಒಳ್ಳೆಯದು. ಒಳಾಂಗಣ ಟ್ರ್ಯಾಕ್ ಸಿಕ್ಕರೆ ಇನ್ನೂ ಚೆನ್ನ, ತಿರುವು ಬಿಗಿ ಇರುವುದರಿಂದ, ಅಲ್ಲಿನವರು ಒಪ್ಪಿದರೆ, ಮಧ್ಯೆ ದಿಕ್ಕು ಬದಲಿಸಿ.

ಹಾಗಂತ ಇಡೀ ಚಳಿಗಾಲ ಒಳಗೇ ಕಳೆಯಬೇಡಿ. ಇದನ್ನು ನಾನು ಮನಸ್ಸಿಟ್ಟು ಹೇಳುತ್ತಿದ್ದೇನೆ. ಕತ್ತಲಲ್ಲಿ ಕೆಲಸಕ್ಕೆ ಹೋಗಿ ಕತ್ತಲಲ್ಲಿ ಮನೆಗೆ ಬರುವ ದಿನಗಳು ಸಾಲಾಗಿ ಬರುತ್ತವೆ. ಮೊದಲ ವರ್ಷ ಕಾರಣವೇ ಗೊತ್ತಾಗದೆ ಮನಸ್ಸು ಕುಗ್ಗುತ್ತದೆ. ಬೆಳಕಿನ ಕೊರತೆಯಿಂದ ಹಾಗಾಗುತ್ತದೆ, ಅದಕ್ಕೆ ವೈದ್ಯಶಾಸ್ತ್ರದಲ್ಲಿ ಹೆಸರೂ ಇದೆ. ಜಿಮ್‌ನ ಟ್ಯೂಬ್‌ಲೈಟ್ ಆ ಕೊರತೆ ತುಂಬುವುದಿಲ್ಲ. ವಾರದ ದಿನಗಳಲ್ಲಿ ಟ್ರೆಡ್‌ಮಿಲ್ ಓಡಿ, ಶನಿವಾರ ಅಥವಾ ಭಾನುವಾರ ಹಗಲು ಹೊತ್ತಿನಲ್ಲಿ ಒಮ್ಮೆಯಾದರೂ ಹೊರಗೆ ಹೋಗಿ.

ಮೊದಲ ಸಲಕ್ಕೆ ಮೈನಸ್ 5ರ ಆಸುಪಾಸಿನ, ಗಾಳಿಯಿಲ್ಲದ, ಬಿಸಿಲಿರುವ ದಿನ ಆರಿಸಿಕೊಳ್ಳಿ. ಬೆಳಿಗ್ಗೆ ಹನ್ನೊಂದರ ಹೊತ್ತು. ಇಪ್ಪತ್ತೇ ನಿಮಿಷ, ಮನೆಯ ಸುತ್ತ. ಉಸಿರಿನ ಹಬೆ ರೆಪ್ಪೆಗೆ ಹತ್ತಿ ಸಣ್ಣ ಬಿಳಿ ಹರಳಾಗಬಹುದು, ಗಾಬರಿ ಬೇಡ, ಒಳಗೆ ಬಂದ ಕೂಡಲೇ ಕರಗುತ್ತದೆ. ಬಂದವರೇ ಮೊದಲು ಒದ್ದೆ ಬಟ್ಟೆ ಬದಲಿಸಿ, ಶೂ ಆಮೇಲೆ ಒಣಗಿಸಿದರಾಯಿತು.