ಊರ ರಸ್ತೆಯ ಲೆಕ್ಕ ಬೇಕಾ? ಅಳತೆ ಪುಸ್ತಕ (ಎಂ.ಬಿ.) ಕೇಳಿ

ಮಂಡ್ಯ ಕಡೆ ಹಳ್ಳಿಗಳಲ್ಲಿ ಹೊಸ ಕಾಂಕ್ರೀಟ್ ರಸ್ತೆ ಮೊದಲ ಮಳೆಗೇ ಕಿತ್ತು ಬಂದರೆ, ಇಲ್ಲವೇ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಸೀಳುಕಾಲುವೆಯಲ್ಲಿ ಹೂಳು ತೆಗೆಸಿದ್ದೇವೆ ಅಂತ ಬಿಲ್ ಆಗಿಯೂ ಕೊನೇ ಭಾಗದ ಗದ್ದೆಗೆ ನೀರೇ ಬರದಿದ್ದರೆ, ಅರಳಿಕಟ್ಟೆ ಮೇಲೆ ಕೂತು ಬೈದು ಸುಮ್ನಾಗುತ್ತೇವೆ. ಸುಮ್ನಾಗಬೇಡಿ. 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ಬಿಪಿಎಲ್ ಕುಟುಂಬದವರಾದರೆ ಅದೂ ಇಲ್ಲ, ದಾಖಲೆಯ ನಕಲು ಲಗತ್ತಿಸಿ.

ಜಾಸ್ತಿ ಅರ್ಜಿಗಳು ಬಿದ್ದುಹೋಗುವುದು ಒಂದೇ ಕಾರಣಕ್ಕೆ. ‘ರಸ್ತೆ ಯಾಕೆ ಕಳಪೆಯಾಗಿದೆ’, ‘ಯಾರು ಹೊಣೆ’ ಅಂತ ಕೇಳುತ್ತಾರೆ. ಕಡತದಲ್ಲಿ ಇರುವುದನ್ನು ಕೊಡುವುದಷ್ಟೇ ಅಧಿಕಾರಿಯ ಕೆಲಸ, ಹಾಗಾಗಿ ‘ಇದು ಮಾಹಿತಿಯ ವ್ಯಾಪ್ತಿಗೆ ಬರುವುದಿಲ್ಲ’ ಅಂತ ಹಿಂಬರಹ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಪ್ರಶ್ನೆ ಬಿಡಿ, ದಾಖಲೆ ಕೇಳಿ. ಹೀಗೆ ಬರೆಯಿರಿ: ‘ಇಂಥ ಊರಿನ ಇಂಥ ಬೀದಿಯಲ್ಲಿ ಇಂಥ ವರ್ಷ ನಡೆದ ಕಾಂಕ್ರೀಟ್ ರಸ್ತೆ ಕಾಮಗಾರಿಯ ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕ, ಗುಣಮಟ್ಟ ಪರೀಕ್ಷಾ ವರದಿ ಮತ್ತು ಪಾವತಿಸಿದ ಬಿಲ್ಲುಗಳ ದೃಢೀಕೃತ ಪ್ರತಿ ಕೊಡಿ.’ ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸುಮಾರು 150 ಪದ. ಕಾರಣ ಹೇಳಬೇಕಾಗಿಲ್ಲ. ಸಂಘದ ಲೆಟರ್‌ಹೆಡ್ ಬೇಡ, ನಿಮ್ಮ ಹೆಸರಲ್ಲೇ ಹಾಕಿ. ಇನ್ನೂ ಒಳ್ಳೆಯದು ಅಂದರೆ ನಾಲ್ಕೈದು ಜನ ಬೇರೆ ಬೇರೆ ಕಾಮಗಾರಿಗೆ ಹಾಕುವುದು. ಆಗ ಒಬ್ಬರ ಮನೆ ಬಾಗಿಲಿಗೆ ಬಂದು ಒತ್ತಡ ಹಾಕುವುದು ಕಷ್ಟ.

ಇದರಲ್ಲಿ ಅಳತೆ ಪುಸ್ತಕ, ಅಂದರೆ ಎಂ.ಬಿ., ಎಲ್ಲಕ್ಕಿಂತ ಮುಖ್ಯ. ಎಂಜಿನಿಯರ್ ಸ್ಥಳದಲ್ಲಿ ಅಳೆದು ಉದ್ದ, ಅಗಲ, ದಪ್ಪ ಬರೆಯುವುದು ಇದರಲ್ಲೇ, ದುಡ್ಡು ಬಿಡುಗಡೆ ಆಗುವುದೂ ಇದರ ಮೇಲೆಯೇ. ಪ್ರತಿ ಕೈಗೆ ಬಂದ ಮೇಲೆ ಒಂದು ಟೇಪ್ ಹಿಡಿದು ರಸ್ತೆಗೆ ಹೋಗಿ. ಪುಸ್ತಕದಲ್ಲಿ ದಪ್ಪ 15 ಸೆಂ.ಮೀ. ಅಂತಿದ್ದು, ಒಡೆದ ಅಂಚಿನಲ್ಲಿ ಟೇಪ್ ಇಟ್ಟಾಗ 8 ಸೆಂ.ಮೀ. ತೋರಿಸಿದರೆ ಬೇರೆ ವಾದವೇ ಬೇಡ, ಅಲ್ವಾ? ದಿನಾಂಕ ಬರೆದಿಟ್ಟು ಫೋಟೋ ತೆಗೆದುಕೊಳ್ಳಿ.

ಕಡತ ದಪ್ಪ ಇದ್ದರೆ ಮೊದಲು ‘ಪರಿಶೀಲನೆಗೆ ಅವಕಾಶ ಕೊಡಿ’ ಅಂತ ಕೇಳಿ. ಕಚೇರಿಯಲ್ಲೇ ಕೂತು ನೋಡಿ, ಬೇಕಾದ ಹಾಳೆಗೆ ಮಾತ್ರ ಪುಟಕ್ಕೆ 2 ರೂಪಾಯಿಯಂತೆ ಕಟ್ಟಿ. ಕಾಮಗಾರಿಯನ್ನೇ ಪರಿಶೀಲಿಸುವ, ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕೂ ಕಾಯ್ದೆಯ 2(ಜೆ) ಸೆಕ್ಷನ್‌ನಲ್ಲಿದೆ. ಇದನ್ನು ಬಳಸುವವರು ತೀರಾ ಕಡಿಮೆ, ಅದೇ ನನಗೆ ಬೇಜಾರು.

ಅರ್ಜಿ ಯಾರಿಗೆ? ಪಂಚಾಯಿತಿ ಮಾಡಿಸಿದ ಕೆಲಸವಾದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ (ಪಿಡಿಒ), ನಾಲೆ ಕೆಲಸವಾದರೆ ಕಾವೇರಿ ನೀರಾವರಿ ನಿಗಮದ ಮಾಹಿತಿ ಅಧಿಕಾರಿಗೆ. ತಪ್ಪು ಕಚೇರಿಗೆ ಕೊಟ್ಟರೂ ಗಾಬರಿ ಬೇಡ, 5 ದಿನದೊಳಗೆ ಸರಿಯಾದ ಕಡೆಗೆ ವರ್ಗಾಯಿಸುವುದು ಅವರದೇ ಜವಾಬ್ದಾರಿ. ಸ್ವೀಕೃತಿ ಮಾತ್ರ ಮರೆಯದೆ ತೆಗೆದುಕೊಳ್ಳಿ. ಮುಂದಿನದ್ದೆಲ್ಲ ಆ ಸೀಲಿನ ತಾರೀಖಿನ ಮೇಲೆ ನಿಂತಿದೆ.

30 ದಿನದಲ್ಲಿ ಉತ್ತರ ಬರಬೇಕು. ಗಡುವು ದಾಟಿದರೆ ಪ್ರತಿಗಳನ್ನು ಪುಕ್ಕಟೆ ಕೊಡಬೇಕು. ಆಮೇಲೆ 30 ದಿನದೊಳಗೆ ಮೇಲಧಿಕಾರಿಗೆ ಮೊದಲ ಮೇಲ್ಮನವಿ, ಅಲ್ಲೂ ಆಗದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ. ಸಕಾರಣವಿಲ್ಲದೆ ತಡ ಮಾಡಿದ ಅಧಿಕಾರಿಗೆ ಆಯೋಗ ದಿನಕ್ಕೆ 250ರಂತೆ 25,000 ರೂಪಾಯಿವರೆಗೆ ದಂಡ ಹಾಕಬಹುದು. ಮೇಲ್ಮನವಿಯಲ್ಲಿ ಈ 20ನೇ ಸೆಕ್ಷನ್ ಹೆಸರೆತ್ತಿ.

ಕಾಗದ ಸಿಕ್ಕಿತು ಅಂತ ಮನೆಯಲ್ಲಿ ಇಟ್ಟುಕೊಳ್ಳಬೇಡಿ. ಗ್ರಾಮಸಭೆಯಲ್ಲಿ ಅಳತೆಗಳನ್ನು ಗಟ್ಟಿಯಾಗಿ ಓದಿ, ರಸ್ತೆಯಲ್ಲಿ ಕಂಡಿದ್ದನ್ನೂ ಹೇಳಿ, ಎರಡನ್ನೂ ನಡವಳಿಯಲ್ಲಿ ಬರೆಸಿ. ಲೋಕಾಯುಕ್ತಕ್ಕೆ ದೂರು ಕೊಡುವುದಾದರೆ ದೃಢೀಕೃತ ಎಂ.ಬಿ., ಫೋಟೋ ಮತ್ತು ಆ ನಡವಳಿಯ ಪ್ರತಿ ಮೂರನ್ನೂ ಜೊತೆಗಿಡಿ.