ದೇವಿಮನೆ ಘಟ್ಟ ಇಳಿಸಿದವರು ಇಂಗ್ಲೆಂಡಲ್ಲಿ ಕಾರು ಹತ್ತುವ ಮುಂಚೆ

ಇಂಗ್ಲೆಂಡಿನಿಂದ ರಜೆಗೆ ಶಿರಸಿಗೆ ಬಂದಿದ್ದೇನೆ. ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿಗೆ ಹೊರಟಿರುವ ನಮ್ಮ ಕಡೆಯ ಮೂರ್ನಾಲ್ಕು ಹುಡುಗರು ಸಿಕ್ಕಿದ್ದರು. ಎಲ್ಲರದ್ದೂ ಒಂದೇ ಮಾತು: "ಮಳೆಗಾಲದಲ್ಲಿ ದೇವಿಮನೆ ಘಟ್ಟ ಇಳಿಸಿದ್ದೇವೆ, ಅಲ್ಲಿ ಎಂತಾ ಕಷ್ಟ ಮಾರಾಯ್ರೆ?" ಓಡಿಸೋದೇನೋ ಸುಲಭ. ಅಲ್ಲೂ ಎಡಗಡೆಯೇ, ನಮ್ಮ ಲೈಸೆನ್ಸಿನಲ್ಲೇ 12 ತಿಂಗಳು ನಡೆಯುತ್ತದೆ. ಬಿಡಲಿಕ್ಕೆ ಕಷ್ಟ ಆಗೋದು ನಮ್ಮ ಅಭ್ಯಾಸಗಳು.

ನಾವು ರಸ್ತೆ ನೋಡಿ ಆಕ್ಸಿಲರೇಟರ್ ಒತ್ತುವವರು. ಹೆದ್ದಾರಿ 66 ಖಾಲಿ ಇದ್ದರೆ ಕುಮಟಾದಿಂದ ಅಂಕೋಲಾಕ್ಕೆ ಒಂದೇ ಉಸಿರು, ದನ ಅಡ್ಡ ಬಂದರೆ ಮಾತ್ರ ನಿಧಾನ. ಅಲ್ಲಿ ವೇಗಮಿತಿಯ ಬೋರ್ಡ್ ನೋಡಬೇಕು. ಬೋರ್ಡ್ ಕಾಣದಿದ್ದರೆ ಬೀದಿ ದೀಪ ನೋಡಿ, ಕಂಬ ಸಾಲಾಗಿದ್ದರೆ 30 ಮೈಲಿ, ಅಂದರೆ ಗಂಟೆಗೆ 48 ಕಿ.ಮೀ. ವೇಲ್ಸ್‌ನಲ್ಲಿ 2023ರಿಂದ ಅದೂ 20ಕ್ಕೆ ಇಳಿದಿದೆ.

ನಾನೂ ಸಿಕ್ಕಿಬಿದ್ದವನೇ. ಭಾನುವಾರ ಬೆಳಿಗ್ಗೆ, ರಸ್ತೆಯಲ್ಲಿ ನರಪಿಳ್ಳೆ ಇಲ್ಲ, 30ರ ಮಿತಿಯಲ್ಲಿ 36 ಮೈಲಿ ವೇಗದಲ್ಲಿ ಹೋಗಿದ್ದೆ. ವಾರದೊಳಗೆ ಕಾಗದ ಬಂತು. ಮಾತಾಡಿ ಬಗೆಹರಿಸೋಣ ಅಂದರೆ ಎದುರಿಗೆ ಇದ್ದದ್ದು ಕ್ಯಾಮೆರಾ! ದಂಡದ ಬದಲು ವೇಗದ ಬಗ್ಗೆ ತಿಳಿಹೇಳುವ ತರಗತಿಗೆ ಕೂರಬಹುದು ಅಂದರು, ಕೂತೆ. ಅಲ್ಲಿ ನನ್ನ ಜೊತೆ ಒಬ್ಬ ಪ್ಲಂಬರ್, ಒಬ್ಬರು ಅಜ್ಜಿ. ಇಬ್ಬರೂ ತಾವು ಒಳ್ಳೆಯ ಡ್ರೈವರ್, ಕ್ಯಾಮೆರಾ ಇಟ್ಟದ್ದೇ ದುಡ್ಡಿಗೆ ಅನ್ನುವವರು. ತರಗತಿ ಸಿಗದಿದ್ದರೆ ಕಡಿಮೆ ಅಂದರೂ 100 ಪೌಂಡ್ ದಂಡ, ಲೈಸೆನ್ಸಿನ ಮೇಲೆ ತಪ್ಪಿನ ಲೆಕ್ಕವಾಗಿ 3 ಪಾಯಿಂಟ್. ಅಲ್ಲಿಯ ಲೈಸೆನ್ಸ್ ಪಾಸಾದ ಮೊದಲ 2 ವರ್ಷದಲ್ಲಿ 6 ಪಾಯಿಂಟ್ ಆದರೆ ಲೈಸೆನ್ಸೇ ಹೋಗುತ್ತದೆ, ಮತ್ತೆ ಪರೀಕ್ಷೆ. ಹಾಗಂತ ಅಲ್ಲಿಯವರೇನೂ ಸಾಧುಗಳಲ್ಲ. ಮೋಟಾರ್‌ವೇಯಲ್ಲಿ ಮಿತಿ 70, ದಾಟಿ ಹೋಗುವವರನ್ನು ದಿನಾ ನೋಡುತ್ತೇನೆ, ಕ್ಯಾಮೆರಾ ಕಂಡ ಕೂಡಲೇ ಎಲ್ಲರಿಗೂ ಒಟ್ಟಿಗೆ ಬ್ರೇಕ್ ನೆನಪಾಗುತ್ತದೆ.

ಟ್ರಾಫಿಕ್ ಜಾಮ್ ಬೇರೆಯೇ ಕಥೆ. ನಮ್ಮ ಘಟ್ಟದಲ್ಲಿ ಲಾರಿ ಕೆಟ್ಟು ನಿಂತರೆ ಎಲ್ಲರೂ ಇಳಿಯುತ್ತೇವೆ, ಒಬ್ಬ ಕವಳ ಹಾಕುತ್ತಾನೆ, ಇನ್ನೊಬ್ಬ ತಾನೇ ಪೊಲೀಸ್ ಆಗಿ ಕೈ ಬೀಸುತ್ತಾನೆ, ಬೈಕಿನವ ಸಂದಿಯಲ್ಲಿ ನುಗ್ಗುತ್ತಾನೆ. ಲಂಡನ್ ಸುತ್ತುವ ಎಂ25 ರಸ್ತೆ 117 ಮೈಲಿ, ಅಲ್ಲಿ ಗಂಟೆಗಟ್ಟಲೆ ನಿಂತರೂ ಹಾರ್ನ್ ಇಲ್ಲ, ಸುಮ್ನೆ ಕೂತಿರುತ್ತಾರೆ. ಎರಡು ಸಾಲು ಒಂದಾಗುವಲ್ಲಿ ಆಚೆಯದೊಂದು, ಈಚೆಯದೊಂದು ಕಾರು. ನೀವು ಸರದಿ ತಪ್ಪಿಸಿ ನುಗ್ಗಿದರೆ ಅವರ ಆ ನೋಟ ಸಾಕು, ಅಲ್ವಾ!

ಇನ್ನು ಹೆಡ್‌ಲೈಟ್. ಎದುರಿನವ ಮಿನುಗಿಸಿದರೆ ನಮ್ಮಲ್ಲಿ "ನಾ ಬಂದೆ, ನಿಲ್ಲು" ಅಂತ. ಅಲ್ಲಿ ಹೆಚ್ಚಾಗಿ "ನೀವು ಹೋಗಿ" ಅಂತ. ಹೋದ ಹೊಸತರಲ್ಲಿ ಒಂದು ಕಿರಿದಾದ ರಸ್ತೆಯಲ್ಲಿ ಆತ ಮಿನುಗಿಸಿದ, ನಾನು ನಿಂತೆ. ಮತ್ತೆ ಮಿನುಗಿಸಿದ, ನಾನು ಹೆದರಿ ರಿವರ್ಸ್ ಹೋದೆ. ಪಾಪ, ಆತ ಇಳಿದು ಬಂದು ಕೈ ಮುಗಿಯುವುದೊಂದು ಬಾಕಿ ಇತ್ತು.